ರಾತ್ರಿಯ ಕಾಪಿ-ಪೇಸ್ಟ್ ತಪ್ಪಿಸಲು ದುಡ್ಡಿನ ಆ್ಯಪ್ ಬೇಕೇ?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಾರುಕಟ್ಟೆ ದಿನ ನಮ್ಮ ಹುಡುಗರು ಲಾಟ್ ನಂಬರ್, ತಳಿ, ಚೀಲ, ತೂಕವನ್ನು ಮೊಬೈಲಿನಲ್ಲೇ ಗೂಗಲ್ ಫಾರ್ಮ್‌ಗೆ ತುಂಬುತ್ತಾರೆ. ಅದನ್ನು ಇನ್ನೊಂದು ಶೀಟಿಗೆ ಕಾಪಿ ಮಾಡಿ, ತಳಿವಾರು ಮೊತ್ತ ತೆಗೆದು, ಮಾಲಕರಿಗೆ ಮೇಲ್ ಕಳಿಸುವಷ್ಟರಲ್ಲಿ ರಾತ್ರಿಯಾಗುತ್ತದೆ. ಒಂದು ಆ್ಯಪ್‌ನ ಮಾಹಿತಿಯನ್ನು ಇನ್ನೊಂದಕ್ಕೆ ತಾನೇ ದಾಟಿಸುವ ಝೇಪಿಯರ್ ಎಂಬ ಸೇವೆ ಹಾಕಿಸಿಕೊಂಡರೆ ತಾನಾಗಿಯೇ ಆಗುತ್ತದೆ ಎನ್ನುತ್ತಾರೆ. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಝೇಪಿಯರ್ ಕೆಲಸಕ್ಕೆ ಬರುವುದು ಬೇರೆ ಬೇರೆ ಕಂಪನಿಗಳ ಆ್ಯಪ್‌ಗಳನ್ನು ಜೋಡಿಸಬೇಕಾದಾಗ. ನಿಮ್ಮ ಫಾರ್ಮ್, ಶೀಟ್ ಎರಡೂ ಗೂಗಲ್‌ನವೇ. ಅದೂ ಅಲ್ಲದೆ ಝೇಪಿಯರ್‌ನ ಉಚಿತ ಖಾತೆಯಲ್ಲಿ ತಿಂಗಳಿಗೆ 100 ಟಾಸ್ಕ್ ಮಾತ್ರ. ಒಂದೊಂದು ಲಾಟ್ ಸೇರಿಸಿದಾಗಲೂ ಒಂದೊಂದು ಟಾಸ್ಕ್ ಖರ್ಚಾಗುತ್ತದೆ. ಆವಕ ಹೆಚ್ಚಿದ್ದರೆ ಒಂದೇ ಮಾರುಕಟ್ಟೆ ದಿನಕ್ಕೆ ಮುಗಿದುಹೋದೀತು.

ಫಾರ್ಮ್‌ನ ಉತ್ತರ ಬಂದು ಬೀಳುವ ಶೀಟನ್ನು ಮುಟ್ಟಲೇಬೇಡಿ. ಸಾಲು ಅಳಿಸುವುದು, ಸಾರ್ಟ್ ಮಾಡುವುದು ಯಾವುದೂ ಅಲ್ಲಿ ಬೇಡ. ಪಕ್ಕದಲ್ಲಿ ಹೊಸ ಶೀಟ್ ತೆರೆದು ಕ್ವೆರಿ (QUERY, ಬೇಕಾದ ಸಾಲುಗಳನ್ನು ಆರಿಸಿ ಗುಂಪುವಾರು ಕೂಡಿಸುವ) ಫಾರ್ಮುಲಾ ಬರೆದರೆ, ಲಾಟ್ ಬಂದಹಾಗೆಲ್ಲ ತಳಿವಾರು ಮೊತ್ತ ತಾನೇ ಬದಲಾಗುತ್ತದೆ. ಕಾಪಿ-ಪೇಸ್ಟ್ ಅಲ್ಲಿಗೇ ಮುಗಿಯಿತು.

ಆದರೆ ಒಂದು ಕಡೆ ತುಂಬ ಎಚ್ಚರ ಬೇಕು. ತೂಕದ ಜಾಗದಲ್ಲಿ ಒಬ್ಬ ಹುಡುಗ 12 ಎಂದು ಬರೆದು, ಇನ್ನೊಬ್ಬ ‘12 ಕ್ವಿಂಟಲ್’ ಎಂದು ಬರೆದರೆ, ಎರಡನೆಯದನ್ನು ಶೀಟ್ ಅಂಕಿ ಎಂದೇ ಎಣಿಸುವುದಿಲ್ಲ. ಯಾವ ದೋಷವನ್ನೂ ತೋರಿಸದೆ ಮೊತ್ತದಿಂದ ಬಿಟ್ಟುಬಿಡುತ್ತದೆ. ಕೈಯಿಂದ ಕೂಡಿಸುವಾಗ ನಿಮ್ಮ ಕಣ್ಣಿಗೆ ಬೀಳುತ್ತಿದ್ದ ತಪ್ಪು ಈಗ ಯಾರಿಗೂ ಕಾಣುವುದಿಲ್ಲ, ರೈತನ ಲೆಕ್ಕ ಮಾತ್ರ ಕಡಿಮೆಯಾಗಿರುತ್ತದೆ. ಹಾಗಾಗಿ ಫಾರ್ಮ್‌ನಲ್ಲೇ ರೆಸ್ಪಾನ್ಸ್ ವ್ಯಾಲಿಡೇಶನ್ ಹಾಕಿ, ಅಂಕಿ ಬಿಟ್ಟು ಬೇರೇನನ್ನೂ ಒಪ್ಪದಂತೆ ಮಾಡಿ. ತಳಿಯನ್ನೂ ಬರೆಯಲು ಬಿಡದೆ ಡ್ರಾಪ್‌ಡೌನ್ ಕೊಡಿ. ಡಬ್ಬಿ, ಡಬ್ಬಿ ಮೆಣಸಿನಕಾಯಿ, ಡಬಿ ಎಂದು ಮೂರು ಥರ ಬರೆದರೆ ಅದು ಮೂರು ತಳಿಯೇ ಆಗುತ್ತದೆ. ನೆಟ್‌ವರ್ಕ್ ನಿಧಾನವಿದ್ದಾಗ ಒಂದೇ ಲಾಟನ್ನು ಎರಡು ಸಲ ಕಳಿಸಿರುವುದೂ ಉಂಟು. ತಾರೀಖು, ಲಾಟ್ ನಂಬರ್ ಎರಡೂ ಒಂದೇ ಇರುವ ಸಾಲುಗಳನ್ನು ಕೆಂಪಾಗಿಸುವ ಏರ್ಪಾಡು ಮಾಡಿ. ಬಣ್ಣ ಹಚ್ಚುವುದಷ್ಟೇ ಯಂತ್ರದ ಕೆಲಸವಾಗಲಿ. ಯಾವುದು ಲೆಕ್ಕಕ್ಕೆ ಬೇಡ ಎಂಬುದನ್ನು ನೀವೇ ನೋಡಿ, ಪಕ್ಕದ ಶೀಟಿನಲ್ಲಿ ಗುರುತು ಹಾಕಿ.

ಮೇಲ್‌ಗೆ ಗೂಗಲ್‌ನದೇ ಆ್ಯಪ್ಸ್ ಸ್ಕ್ರಿಪ್ಟ್ (ಶೀಟಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ) ಸಾಕು, ಅದು ಉಚಿತ. ಅದು ತಾನಾಗಿ ಓಡಬೇಕಾದ ಸಮಯವನ್ನು, ಅಂದರೆ ಟ್ರಿಗರ್ ಅನ್ನು, ರಾತ್ರಿ 8ರಿಂದ 9 ಎಂದು ಇಟ್ಟರೆ ಆ ಗಂಟೆಯೊಳಗೆ ಯಾವಾಗಲಾದರೂ ಮೇಲ್ ಹೋಗುತ್ತದೆ, ಸರಿಯಾಗಿ 8ಕ್ಕೇ ಎಂದು ನೆಚ್ಚಬೇಡಿ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 100 ಜನರಿಗೆ ಕಳಿಸಬಹುದು, ನಿಮಗೆ ಧಾರಾಳ.

ಈ ಟ್ರಿಗರ್ ಅನ್ನು ನಿಮ್ಮ ಸ್ವಂತ ಜಿಮೇಲ್‌ನಿಂದ ಮಾಡಬೇಡಿ. ಅದು ಮಾಡಿದವರ ಖಾತೆಯಲ್ಲೇ ಓಡುತ್ತದೆ, ಕೆಟ್ಟರೆ ಸೂಚನೆ ಬರುವುದೂ ಆ ಖಾತೆಗೇ. ಮಾಲಕರಿಗೆ ಹೇಳಿ ಅಂಗಡಿ ಹೆಸರಿನಲ್ಲೇ ಒಂದು ಖಾತೆ ತೆರೆಸಿ, ಫಾರ್ಮ್, ಶೀಟ್, ಸ್ಕ್ರಿಪ್ಟ್ ಮೂರನ್ನೂ ಅದರಲ್ಲೇ ಇಡಿ.