ಎರಡು ಪಂದ್ಯ ನೋಡಿ ಹುಡುಗರಿಗೆ ಮಾರ್ಕ್ಸ್ ಕೊಡಬಹುದೇ?

ಪತ್ರ: ಮಗಳು ಅಮೆರಿಕದ ಮಿಡ್‌ವೆಸ್ಟ್ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳಿಂದಾಗಿ ನಮ್ಮ ಮನೆಮಂದಿಗೆಲ್ಲ ಅಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ. ಸೀಸನ್‌ಗೆ ಮುಂಚಿನ ಎರಡು ಪ್ರದರ್ಶನ ಪಂದ್ಯಗಳನ್ನು ಬೆಳಗಿನ ಐದೂವರೆಗೆ ಎದ್ದು ನೋಡಿದೆವು. ಮೊದಲನೆಯದರಲ್ಲಿ ಡಿವಿಷನ್ ಎರಡರ, ಅಂದರೆ ಒಂದು ದರ್ಜೆ ಕೆಳಗಿನ, ತಂಡವನ್ನು ನಲವತ್ತು ಪಾಯಿಂಟ್‌ಗಳಿಂದ ಸೋಲಿಸಿದರು. ಎರಡನೆಯದರಲ್ಲಿ ದೊಡ್ಡ ತಂಡದ ಎದುರು ಸೋತರು. ನಾವು ಒಬ್ಬೊಬ್ಬ ಆಟಗಾರನಿಗೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕಿದ್ದೇವೆ. ಪಟ್ಟಿ ಇದರ ಜೊತೆಗಿದೆ. ಬುಟ್ಟಿಯ ಹತ್ತಿರ ಆಡುವ ಏಳಡಿ ಎತ್ತರದ ಸೆಂಟರ್‌ಗೆ ಒಂಬತ್ತು. ಆರು ಸಲ ದೂರದಿಂದ ಮೂರು ಪಾಯಿಂಟ್‌ಗೆ ಎಸೆದು ನಾಲ್ಕು ಹಾಕಿದ ಹೊಸ ಹುಡುಗನಿಗೆ ಎಂಟೂವರೆ. ಆರರಲ್ಲಿ ಒಂದೇ ಹಾಕಿದ ಮೂರನೇ ವರ್ಷದ ಗಾರ್ಡ್‌ಗೆ ನಾಲ್ಕು. ಇದನ್ನು ಆಟಗಾರರನ್ನೇ ಟ್ಯಾಗ್ ಮಾಡಿ ಇನ್‌ಸ್ಟಾಗ್ರಾಮ್‌ಗೆ ಹಾಕೋಣ ಅಂತ ಕಿರಿಯ ಮಗ ಹೇಳುತ್ತಿದ್ದಾನೆ. ಅಣ್ಣನ ಮಗ ಮಾತ್ರ ‘ಈ ಪಂದ್ಯಗಳಿಗೆ ಬೆಲೆಯೇ ಇಲ್ಲ, ಸುಮ್ನೆ ನಿದ್ದೆ ಕೆಡಿಸಿಕೊಂಡಿರಿ’ ಅನ್ನುತ್ತಾನೆ. ಯಾರು ಹೇಳುವುದು ಸರಿ?
ಶಿವಮೊಗ್ಗದ ಓದುಗರು (ಹೆಸರು ಬೇಡ ಎಂದಿದ್ದಾರೆ)

ನಮಸ್ಕಾರ ಸರ್,

ನಿಮ್ಮ ಪಟ್ಟಿ ಓದಿ ನಿಜಕ್ಕೂ ಖುಷಿಯಾಯಿತು. ಬೆಂಚಿನ ಕೊನೆಯಲ್ಲಿ ಕೂರುವ ಹುಡುಗನವರೆಗೆ ಎಲ್ಲರ ಹೆಸರಿನ ಮುಂದೆಯೂ ಎರಡು ಸಾಲು ಬರೆದಿದ್ದೀರಿ. ಈ ಮಾರ್ಕ್ಸ್‌ಗಿಂತ ಆ ಸಾಲುಗಳೇ ನನಗೆ ಜಾಸ್ತಿ ಹಿಡಿಸಿದವು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಅಣ್ಣನ ಮಗನ ಮಾತು. ಪ್ರದರ್ಶನ ಪಂದ್ಯ ದಾಖಲೆಗೆ ಸೇರುವುದಿಲ್ಲ, ನಿಜ. ಗೆದ್ದರೂ ಸೋತರೂ ತಂಡದ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ಹಾಗಿರುವುದರಿಂದಲೇ ಅದಕ್ಕೆ ಬೆಲೆ. ಸೋತರೆ ನಷ್ಟವಿಲ್ಲದ ದಿನ ಕೋಚ್ ತನಗೆ ಅನುಮಾನ ಇರುವುದನ್ನೆಲ್ಲ ಪ್ರಯೋಗ ಮಾಡಿ ನೋಡುತ್ತಾರೆ. ಆದ್ದರಿಂದ ನೋಡುವವರು ಮೊದಲು ಕೇಳಬೇಕಾದ್ದು ಇದು: ಇವತ್ತು ಕೋಚ್ ಏನನ್ನು ಪರೀಕ್ಷೆ ಮಾಡುತ್ತಿದ್ದಾರೆ? ಅದು ಗೊತ್ತಾಗದೆ ಹುಡುಗನಿಗೆ ಮಾರ್ಕ್ಸ್ ಹಾಕಿದರೆ, ಪ್ರಶ್ನೆಪತ್ರಿಕೆ ನೋಡದೆ ಉತ್ತರಪತ್ರಿಕೆ ತಿದ್ದಿದ ಹಾಗೆ.

2009ರ ಒಂದು ಪಂದ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹೆಸರು. ಆಗಿನ ಕೋಚ್ ಜಿಮ್ ಬೋಹೈಮ್. ಹಿಂದಿನ ವರ್ಷ ತಂಡವನ್ನು ಹೊತ್ತಿದ್ದ ಮೂವರು, ಜಾನಿ ಫ್ಲಿನ್, ಎರಿಕ್ ಡೆವೆನ್‌ಡಾರ್ಫ್, ಪಾಲ್ ಹ್ಯಾರಿಸ್, ಒಟ್ಟಿಗೇ ಹೊರಟುಹೋಗಿದ್ದರು. ಉಳಿದವರ ಮೇಲೆ ಯಾರಿಗೂ ಅಷ್ಟು ಭರವಸೆ ಇರಲಿಲ್ಲ. ನವೆಂಬರ್ 3ರಂದು ಅದೇ ಊರಿನ ಲಿ ಮೊಯ್ನ್ ಕಾಲೇಜಿನ ಜೊತೆ ಪ್ರದರ್ಶನ ಪಂದ್ಯ. ಲಿ ಮೊಯ್ನ್ ಆಗ ಡಿವಿಷನ್ ಎರಡರ ಪುಟ್ಟ ಕಾಲೇಜು. ಸಿರಾಕ್ಯೂಸ್ ತನ್ನದೇ ಅಂಗಳದಲ್ಲಿ 82-79ರಿಂದ ಸೋತಿತು. ಕೊನೆಯ ಕ್ಷಣಗಳಲ್ಲಿ ಬಿದ್ದ ಒಂದು ಮೂರು ಪಾಯಿಂಟ್ ಶಾಟ್ ಎಲ್ಲವನ್ನೂ ಮುಗಿಸಿತು.

ಆ ರಾತ್ರಿ ಯಾರಾದರೂ ಸಿರಾಕ್ಯೂಸ್ ಹುಡುಗರಿಗೆ ಮಾರ್ಕ್ಸ್ ಹಾಕಿದ್ದರೆ ಎಷ್ಟು ಹಾಕುತ್ತಿದ್ದರು? ಐದು ದಾಟುತ್ತಿತ್ತಾ?

ಈಗ ಕೋಚ್ ಮಾಡಿದ್ದನ್ನು ನೋಡಿ. ಬೋಹೈಮ್ ಅಂದರೆ ಎರಡು-ಮೂರು ಝೋನ್ ಡಿಫೆನ್ಸ್. ಮುಂದೆ ಇಬ್ಬರು, ಹಿಂದೆ ಮೂವರು, ಪ್ರತಿಯೊಬ್ಬನೂ ತನ್ನ ಜಾಗವನ್ನು ಕಾಯುವುದು. ಅವರ ತಂಡಗಳ ಗುರುತೇ ಅದು. ಆದರೆ ಲಿ ಮೊಯ್ನ್ ಎದುರು ಹೆಚ್ಚಿನ ಹೊತ್ತು ಮ್ಯಾನ್ ಟು ಮ್ಯಾನ್ ಆಡಿಸಿದರು. ಒಬ್ಬೊಬ್ಬ ಹುಡುಗನೂ ಎದುರಾಳಿಯ ಒಬ್ಬನ ಹಿಂದೆ ಓಡಬೇಕು. ಈ ತಂಡದ ಕೈಯಲ್ಲಿ ಇದು ಆಗುತ್ತದಾ ಅನ್ನುವುದೇ ಆವತ್ತಿನ ಪರೀಕ್ಷೆ. ಆಗಲಿಲ್ಲ. ಸೀಸನ್ ಶುರುವಾದಾಗ ಝೋನ್ ವಾಪಸ್ ಬಂತು. ಉದ್ದ ಕೈಗಳ ಹುಡುಗರು ತಮ್ಮ ತಮ್ಮ ಜಾಗದಲ್ಲಿ ನಿಂತರು. ಅದೇ ತಿಂಗಳು ನಾರ್ತ್ ಕ್ಯಾರೊಲಿನಾವನ್ನು 87-71ರಿಂದ ಸೋಲಿಸಿದರು. ಮೊದಲ ಹದಿಮೂರು ಪಂದ್ಯ ಸತತವಾಗಿ ಗೆದ್ದರು. ಮಾರ್ಚ್ ಹೊತ್ತಿಗೆ ದೇಶದ ನಂಬರ್ ಒನ್ ಪಟ್ಟಕ್ಕೂ ಏರಿದರು. ಸೀಸನ್ ಮುಗಿದಾಗ 30 ಗೆಲುವು, 5 ಸೋಲು.

ಆ ತಂಡದಲ್ಲಿ ವೆಸ್ಲಿ ಜಾನ್ಸನ್ ಅಂತ ಒಬ್ಬ ಇದ್ದ. ಅಯೊವಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಬಂದವನು. ಕಾಲೇಜು ಬದಲಾಯಿಸಿದವರು ಒಂದು ವರ್ಷ ಆಡದೆ ಕೂರಬೇಕು ಅನ್ನುವ ನಿಯಮ ಆಗ ಇತ್ತು. ಹಾಗಾಗಿ ಹಿಂದಿನ ಸೀಸನ್ ಪೂರ್ತಿ ಅವನದು ಬರೀ ಪ್ರಾಕ್ಟೀಸ್. ಅಭಿಮಾನಿಗಳಿಗೆ ಅವನ ಆಟದ ಅಂದಾಜೇ ಇರಲಿಲ್ಲ. ಅವನು ಆ ವರ್ಷ, ಸಿರಾಕ್ಯೂಸ್ ಆಗ ಆಡುತ್ತಿದ್ದ ಬಿಗ್ ಈಸ್ಟ್ ಲೀಗ್‌ನ ಅತ್ಯುತ್ತಮ ಆಟಗಾರನಾದ. 2010ರ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ನಾಲ್ಕನೆಯವನಾಗಿ ಆಯ್ಕೆಯಾದ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. 2007ರ ನವೆಂಬರ್‌ನಲ್ಲಿ ಓಹಾಯೊ ಸ್ಟೇಟ್ ಪ್ರದರ್ಶನ ಪಂದ್ಯದಲ್ಲಿ ಫಿಂಡ್ಲೆ ಅನ್ನುವ ಡಿವಿಷನ್ ಎರಡರ ತಂಡಕ್ಕೆ 70-68ರಿಂದ ಸೋತಿತು. ಅದೇ ವರ್ಷ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಫೈನಲ್ ಆಡಿದ್ದ ತಂಡ ಅದು. ಗ್ರೆಗ್ ಓಡನ್, ಮೈಕ್ ಕಾನ್ಲಿ ಇಬ್ಬರೂ ಎನ್‌ಬಿಎಗೆ ಹೋಗಿದ್ದರು. ಆ ಖಾಲಿ ಜಾಗ ತುಂಬಿಲ್ಲ ಅಂತ ಆ ಸೋಲು ಮೊದಲೇ ತೋರಿಸಿತ್ತು. ಮುಂದಿನ ಮಾರ್ಚ್‌ನಲ್ಲಿ ಅವರಿಗೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಎನ್‌ಸಿಎಎ ಟೂರ್ನಿಯಲ್ಲಿ ಜಾಗವೇ ಸಿಗಲಿಲ್ಲ. ಎರಡನೇ ದರ್ಜೆಯ ಎನ್‌ಐಟಿ ಟೂರ್ನಿ ಆಡಿ ಗೆದ್ದರು. ಇನ್ನು ಡಿವಿಷನ್ ಎರಡು ಅಂದ ತಕ್ಷಣ ಹಗುರ ಅಂದುಕೊಳ್ಳಬಾರದು. ಇದೇ ಫಿಂಡ್ಲೆ 2008-09ರಲ್ಲಿ ಒಂದೂ ಪಂದ್ಯ ಸೋಲದೆ 36ಕ್ಕೆ 36 ಗೆದ್ದು ಡಿವಿಷನ್ ಎರಡರ ಚಾಂಪಿಯನ್ ಆಯಿತು.

ಓಹಾಯೊ ಸ್ಟೇಟ್ ಸೋತ ತಿಂಗಳಲ್ಲೇ ಮಿಷಿಗನ್ ಸ್ಟೇಟ್ ಕೂಡ ಗ್ರ್ಯಾಂಡ್ ವ್ಯಾಲಿ ಸ್ಟೇಟ್‌ಗೆ ಎರಡು ಓವರ್‌ಟೈಮ್ ಆಡಿ 85-82ರಿಂದ ಸೋತಿತ್ತು. ಅವರು ಮಾತ್ರ ಮಾರ್ಚ್‌ನಲ್ಲಿ ಎನ್‌ಸಿಎಎ ಟೂರ್ನಿಯ ಕೊನೆಯ ಹದಿನಾರು ತಂಡಗಳವರೆಗೆ ಹೋದರು. ಎರಡೂ ಒಂದೇ ಥರದ ಸೋಲು, ಮುಂದಿನ ದಾರಿ ಬೇರೆ ಬೇರೆ. ಸ್ಕೋರ್ ಒಂದನ್ನೇ ಹಿಡಿದುಕೊಂಡರೆ ಈ ವ್ಯತ್ಯಾಸ ಕಾಣುವುದಿಲ್ಲ.

ಗೆದ್ದರೂ ಅಷ್ಟೇ. ಮೊದಲೆಲ್ಲ ಡಿವಿಷನ್ ಒಂದರ ಎರಡು ತಂಡಗಳು ಜನರ ಮುಂದೆ ಪ್ರದರ್ಶನ ಪಂದ್ಯ ಆಡಬೇಕಾದರೆ, ದತ್ತಿ ಕೆಲಸಕ್ಕೆ ಹಣ ಕೂಡಿಸುವ ನೆಪದಲ್ಲಿ ವಿಶೇಷ ಅನುಮತಿ ಬೇಕಿತ್ತು. ಇಲ್ಲದಿದ್ದರೆ ಬಾಗಿಲು ಮುಚ್ಚಿಕೊಂಡು ಆಡಬೇಕು. 2025-26ರಿಂದ ಆ ನಿರ್ಬಂಧ ಸಡಿಲವಾಯಿತು. ನಿಮ್ಮ ತಂಡ ದೊಡ್ಡ ತಂಡದ ಎದುರು ಆಡಿದ್ದು ನಿಮಗೆ ನೋಡಲು ಸಿಕ್ಕಿದ್ದು ಹೀಗೆ. ಆ ಅಕ್ಟೋಬರ್‌ನಲ್ಲಿ ಕೆಂಟಕಿ ತಂಡ ಆಗಿನ ನಂಬರ್ ಒನ್ ಪರ್ಡ್ಯೂವನ್ನು ಪ್ರದರ್ಶನ ಪಂದ್ಯದಲ್ಲಿ 78-65ರಿಂದ ಸೋಲಿಸಿತು. ಒಂದು ವಾರವೂ ಆಗಿರಲಿಲ್ಲ, ಅದೇ ಕೆಂಟಕಿ ಅದೇ ಅಂಗಳದಲ್ಲಿ ಜಾರ್ಜ್‌ಟೌನ್‌ಗೆ 84-70ರಿಂದ ಸೋತಿತು. ಅಷ್ಟು ಕಡಿಮೆ ದಿನದಲ್ಲಿ ಹುಡುಗರು ಬದಲಾಗಿರುತ್ತಾರಾ?

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ.

ಹೊಸ ಹುಡುಗನಿಗೆ ಎಂಟೂವರೆ, ಹಳೆಯ ಗಾರ್ಡ್‌ಗೆ ನಾಲ್ಕು. ಇಬ್ಬರ ನಡುವಿನ ಅಂತರಕ್ಕೆ ನೀವು ಕೊಟ್ಟ ಕಾರಣ ಮೂರು ಪಾಯಿಂಟ್ ಶಾಟ್‌ಗಳು. ಇಲ್ಲಿ ಒಂದು ಲೆಕ್ಕ ಮಾಡೋಣ. ನೂರಕ್ಕೆ 35 ಹಾಕುವ ಆಟಗಾರ ಕಾಲೇಜು ಮಟ್ಟದಲ್ಲಿ ಒಳ್ಳೆಯ ಶೂಟರ್. ಅಂಥವನು ಆರು ಸಲ ಎಸೆದರೆ ಒಂದೇ ಬೀಳುವುದು ಅಥವಾ ಒಂದೂ ಬೀಳದೇ ಹೋಗುವುದು ಎಷ್ಟು ಸಲ ಆಗುತ್ತದೆ ಗೊತ್ತಾ? ಸುಮಾರು ಮೂರು ಪಂದ್ಯಕ್ಕೊಂದು ಸಲ. ಅದೇ ಆಟಗಾರ ಆರರಲ್ಲಿ ನಾಲ್ಕು ಅಥವಾ ಜಾಸ್ತಿ ಹಾಕುವುದು ಎಂಟೊಂಬತ್ತು ಪಂದ್ಯಕ್ಕೊಂದು ಸಲ. ಅಂದರೆ ನಿಮ್ಮ ಪಟ್ಟಿಯ ಆ ಇಬ್ಬರೂ ಒಂದೇ ಮಟ್ಟದ ಶೂಟರ್‌ಗಳಾಗಿದ್ದರೂ ಇಷ್ಟೇ ಅಂತರ ನಿಮಗೆ ಕಾಣಬಹುದಿತ್ತು. ಆರು ಎಸೆತದಿಂದ ಒಬ್ಬನ ಕೈಗುಣ ತಿಳಿಯುವುದಿಲ್ಲ. ನೂರು ನೂರೈವತ್ತು ಎಸೆತ ಆಗಬೇಕು.

ಶಾಟ್ ಬಿತ್ತಾ ಅನ್ನುವುದನ್ನು ಬಿಟ್ಟು, ಎಂಥ ಶಾಟ್ ತೆಗೆದುಕೊಂಡ ಅನ್ನುವುದನ್ನು ನೋಡಿ. ಕಾಲು ನೆಲೆಯೂರಿ, ಪಾಸ್ ಬಂದ ತಕ್ಷಣ, ಎದುರು ಯಾರೂ ಇಲ್ಲದಾಗ ಎಸೆದನಾ? ಇಲ್ಲ ಇಬ್ಬರ ಮೇಲೆ ಹಾರಿ ಎಸೆದನಾ? ಇದು ಒಂದೇ ಪಂದ್ಯದಲ್ಲಿ ಗೊತ್ತಾಗುತ್ತದೆ. ಹೊಸ ಹುಡುಗನ ಬಗ್ಗೆ ನೀವೇ ಬರೆದಿದ್ದೀರಿ: ‘ಎರಡು ಶಾಟ್ ನೋಡಿ ಕೋಚ್ ತಲೆ ಅಲ್ಲಾಡಿಸಿದರು, ಆದರೆ ಬಿದ್ದವು’. ಆ ಸಾಲಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಈಗ ಆ ಗಾರ್ಡ್. ಅವನ ಮುಂದೆ ನಿಮ್ಮ ಟಿಪ್ಪಣಿ ಹೀಗಿದೆ: ‘ಎರಡನೇ ಪಂದ್ಯದಲ್ಲಿ ಯಾಕೋ ಚೆಂಡನ್ನು ಇವನೇ ಮುಂದಕ್ಕೆ ತರುತ್ತಿದ್ದ. ಒಂದೇ ಟರ್ನೋವರ್.’ ಸರ್, ಆವತ್ತಿನ ಪರೀಕ್ಷೆಯೇ ಅದು ಅಂತ ನನಗೆ ಅನ್ನಿಸುತ್ತದೆ. ಎರಡು ವರ್ಷ ಪಕ್ಕದಲ್ಲಿ ನಿಂತು ಶಾಟ್ ಹಾಕುತ್ತಿದ್ದವನಿಗೆ ಚೆಂಡು ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್ ಕೆಲಸ ಕೊಟ್ಟಿದ್ದಾರೆ. ಎದುರು ಬಲವಾದ ತಂಡ, ಮೈಮೇಲೆ ಬಿದ್ದು ಒತ್ತಡ ಹಾಕುವ ಗಾರ್ಡ್‌ಗಳು. ಅಂಥ ಕಡೆ ಒಂದೇ ಸಲ ಚೆಂಡು ಕಳೆದುಕೊಂಡಿದ್ದಾನೆ. ಕಾಲಿಗೆ ಹೊಸ ಕೆಲಸ ಬಿದ್ದ ದಿನ ಶಾಟ್ ಕೈಕೊಡುವುದು ಸಹಜ. ನಾನಾದರೆ ಅವನಿಗೆ ಏಳು ಹಾಕುತ್ತಿದ್ದೆ. ಪಂದ್ಯದ ಎರಡನೇ ಅರ್ಧದಲ್ಲೂ ಕೋಚ್ ಅವನನ್ನು ಅದೇ ಜಾಗದಲ್ಲಿ ಇಟ್ಟರು ಅಂತಲೂ ನೀವು ಬರೆದಿದ್ದೀರಿ. ಪ್ರಯೋಗ ಸೋತಿದ್ದರೆ ಹಾಗೆ ಇಡುತ್ತಿರಲಿಲ್ಲ.

ಏಳಡಿ ಸೆಂಟರ್‌ಗೆ ಒಂಬತ್ತು ಕೊಡುವುದು ಅವಸರ. ಡಿವಿಷನ್ ಎರಡರ ಹಲವು ತಂಡಗಳಲ್ಲಿ ಆರಡಿ ಎಂಟಿಂಚಿನವನೇ ಎಲ್ಲರಿಗಿಂತ ಎತ್ತರ. ಅಂಥವರ ತಲೆ ಮೇಲೆ ಡಂಕ್ ಹೊಡೆಯುವುದು ದೊಡ್ಡದಲ್ಲ. ಅವನ ವಿಷಯದಲ್ಲಿ ಎರಡನೇ ಪಂದ್ಯವನ್ನು ಮಾತ್ರ ಇಟ್ಟುಕೊಳ್ಳಿ. ಅಲ್ಲಿ ಅವನು ಪಿಕ್ ಅಂಡ್ ರೋಲ್ (ಎದುರಾಳಿಯ ಒಬ್ಬ ಅಡ್ಡ ನಿಂತು ಚೆಂಡಿರುವ ಜೊತೆಗಾರನಿಗೆ ದಾರಿ ಮಾಡಿ, ತಾನು ಬುಟ್ಟಿಯ ಕಡೆ ಓಡುವ ತಂತ್ರ) ಬಂದಾಗ ಏನು ಮಾಡಿದ? ಗಾರ್ಡ್‌ನ ಎದುರು ಹೊರಗೆ ಬಂದು ಮತ್ತೆ ಬುಟ್ಟಿಯ ಹತ್ತಿರ ಓಡಿ ಸೇರಿಕೊಂಡನಾ? ಎಷ್ಟು ಬೇಗ ಫೌಲ್ ಮಾಡಿದ? ಕಾಲೇಜು ಆಟದಲ್ಲಿ ಐದು ಫೌಲ್‌ಗೆ ಹೊರಗೆ ಹೋಗಬೇಕು. ಮೊದಲ ಹತ್ತು ನಿಮಿಷದಲ್ಲಿ ಎರಡು ಫೌಲ್ ಆದರೆ ಹೆಚ್ಚಿನ ಕೋಚ್‌ಗಳು ಅರ್ಧ ಮುಗಿಯುವವರೆಗೂ ಬೆಂಚ್ ಮೇಲೆ ಕೂರಿಸುತ್ತಾರೆ. ಎಷ್ಟು ಎತ್ತರ ಇದ್ದರೂ ಬೆಂಚ್ ಮೇಲೆ ಕೂತರೆ ಉಪಯೋಗವಿಲ್ಲ. ಇನ್ನೊಂದು, ಎದುರಾಳಿಯ ಶಾಟ್ ಹಾರಿದಾಗ ಅವನು ಚೆಂಡನ್ನೇ ನೋಡುತ್ತಾ ನಿಲ್ಲುತ್ತಾನಾ, ಇಲ್ಲ ಪಕ್ಕದವನಿಗೆ ಬೆನ್ನು ಕೊಟ್ಟು ತಡೆಯುತ್ತಾನಾ ನೋಡಿ. ಈ ಅಭ್ಯಾಸ ಎದುರಾಳಿ ಯಾರು ಅನ್ನುವುದರ ಮೇಲೆ ನಿಂತಿಲ್ಲ. ಅಕ್ಟೋಬರ್‌ನಲ್ಲಿ ಇಲ್ಲದ್ದು ಫೆಬ್ರುವರಿಯಲ್ಲಿ ತಾನಾಗೇ ಬರುವುದೂ ಇಲ್ಲ.

ಉಳಿದವರ ಮಾರ್ಕ್ಸ್ ಬಗ್ಗೆ ನನ್ನದೇನೂ ತಕರಾರಿಲ್ಲ. ಮೊದಲ ಐವರ ನಂತರ ಆರನೆಯವನಾಗಿ ಇಳಿಯುವ ಹುಡುಗನಿಗೆ ನೀವು ಏಳು ಕೊಟ್ಟಿದ್ದು ತುಂಬ ಸರಿ.

ಇನ್‌ಸ್ಟಾಗ್ರಾಮ್ ವಿಷಯ. ದಯವಿಟ್ಟು ಬೇಡ. ಈ ಮಾತನ್ನು ಒತ್ತಿ ಹೇಳುತ್ತೇನೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖದಿಂದ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ‘ದುಡ್ಡು ತಗೊಳ್ತಾರೆ, ಮಾತೂ ಕೇಳಿಸಿಕೊಳ್ಳಲಿ’ ಅನ್ನುವ ಧಾಟಿ ಅಭಿಮಾನಿಗಳಲ್ಲಿ ಬಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹದಿನೆಂಟು, ಹತ್ತೊಂಬತ್ತು ವಯಸ್ಸಿನ ಹುಡುಗರು ಅವರು. ಎಷ್ಟೋ ಜನ ಮೊದಲ ಸಲ ಮನೆ ಬಿಟ್ಟು ಬಂದಿದ್ದಾರೆ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಪಡೆದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. ಅವರ ಮೊದಲ ಪ್ರದರ್ಶನ ಪಂದ್ಯ ನೋಡಿ ಯಾರೋ ಹತ್ತಕ್ಕೆ ನಾಲ್ಕು ಅಂತ ಬರೆದು ಅವರ ಫೋನಿಗೇ ಕಳಿಸಿದ್ದರೆ ನಮಗೆಲ್ಲ ಹೇಗನ್ನಿಸುತ್ತಿತ್ತು? ಮನೆಯಲ್ಲಿ ಕೂತು ವಾದ ಮಾಡಿ. ಬೇಕಾದಷ್ಟು ಕಟುವಾಗಿಯೇ ಮಾಡಿ, ಆಟ ನೋಡುವ ಸುಖದಲ್ಲಿ ಅರ್ಧ ಅದೇ. ಆ ಗಾರ್ಡ್‌ನ ಫೋನಿಗೆ ಮಾತ್ರ ಅದು ಹೋಗುವುದು ಬೇಡ.

ಮುಂದಿನ ಪಟ್ಟಿ ಯಾವಾಗ ಮಾಡಬೇಕು ಅಂದರೆ, ನವೆಂಬರ್ ಕೊನೆಯ ವಾರ ಕಾಯಿರಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಹವಾಯಿ, ಬಹಾಮಾಸ್‌ನಂಥ ಕಡೆ ಟೂರ್ನಿಗಳಿರುತ್ತವೆ. ಮೂರು ದಿನಕ್ಕೆ ಮೂರು ಪಂದ್ಯ, ಮೂರೂ ಬೇರೆ ಬೇರೆ ಥರದ ತಂಡಗಳು, ಮಧ್ಯೆ ತಯಾರಿಗೆ ಸಮಯವಿಲ್ಲ. ಅಲ್ಲಿ ಕೋಚ್ ಪ್ರಯೋಗ ಮಾಡುವುದಿಲ್ಲ, ಗೆಲ್ಲಲು ಆಡಿಸುತ್ತಾರೆ. ಕೊನೆಯ ಐದು ನಿಮಿಷ ಯಾರನ್ನು ಅಂಗಳದಲ್ಲಿ ಇಟ್ಟರು ಅಂತ ಬರೆದಿಟ್ಟುಕೊಳ್ಳಿ. ಅದು ಕೋಚ್ ಹಾಕಿದ ಮಾರ್ಕ್ಸ್. ಅದರ ಪಕ್ಕದಲ್ಲಿ ನಿಮ್ಮದನ್ನೂ ಹಾಕಿ ನಮಗೆ ಕಳಿಸಿ. ಟಿಪ್ಪಣಿಗಳನ್ನು ಮಾತ್ರ ಮೊಟಕು ಮಾಡಬೇಡಿ. ಜನವರಿ ಸಂಚಿಕೆಯಲ್ಲಿ ಅದಕ್ಕೆ ಒಂದು ಪುಟ ಇಟ್ಟಿರುತ್ತೇವೆ.

ಸಂಪಾದಕ