ಜೂನ್‌ನಲ್ಲಿ ಕಾರವಾರಕ್ಕೆ ವರ್ಗವಾದರೆ ಮೊದಲು ಗೋಡೆ ನೋಡಿ

ನಮಸ್ಕಾರ. ದಾವಣಗೆರೆಯಿಂದ ಜೂನ್ ಮೊದಲ ವಾರ ಕಾರವಾರದ ಬ್ಯಾಂಕ್ ಶಾಖೆಗೆ ಬರುತ್ತಿದ್ದೀರಿ. ಮನೆ ಹಿಡಿಯುವಾಗ ಏನು ನೋಡಬೇಕು, ಸಾಮಾನೆಲ್ಲ ಒಟ್ಟಿಗೇ ತರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ತರಬೇಡಿ. ಎರಡು ಸೂಟ್‌ಕೇಸ್ ಹಿಡಿದು ಬನ್ನಿ, ಹದಿನೈದು ದಿನ ಲಾಡ್ಜಿನಲ್ಲಿದ್ದು, ಮಳೆ ಸುರಿಯುವಾಗಲೇ ಮನೆ ನೋಡಿ.

ಇಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಕಡಲ ಕಡೆಯಿಂದ ಬೀಸುವುದರಿಂದ ಪಶ್ಚಿಮ, ನೈಋತ್ಯದ ಗೋಡೆಗಳನ್ನು ಕೈಯಿಂದ ಮುಟ್ಟಿಯೇ ನೋಡಬೇಕು. ಇಲ್ಲಿ ಗೋಡೆಗೆ ಬಳಸುವ ಚಿರೇಕಲ್ಲು (ಕೆಂಪು ಜಂಬಿಟ್ಟಿಗೆ) ನೀರು ಹೀರುತ್ತದೆ. ನೆಲದಿಂದ ಒಂದೆರಡು ಅಡಿ ಬಣ್ಣ ಉಬ್ಬಿದ್ದರೆ, ಮೇ ತಿಂಗಳಲ್ಲಿ ಹೊಸದಾಗಿ ಬಳಿದದ್ದಾದರೂ ಆ ಮನೆ ಬಿಡಿ; ಮಳೆಗಾಲ ಮುಗಿಯುವವರೆಗೆ ಅದು ಒಣಗುವುದಿಲ್ಲ. ಕಿಟಕಿಗೆ ಅಗಲವಾದ ಸಜ್ಜಾ, ಬಟ್ಟೆ ಒಣಗಿಸಲು ಶೀಟು ಹೊದೆಸಿದ ಜಾಗ, ಇವೆರಡೂ ಇರಲೇಬೇಕು. ಬಾಡಿಗೆ ಐನೂರು ಜಾಸ್ತಿಯಾದರೂ ಚಿಂತೆಯಿಲ್ಲ.

ಕಪಾಟನ್ನು ಗೋಡೆಯಿಂದ ನಾಲ್ಕು ಇಂಚು ದೂರ ಇಡಿ. ಗಾಳಿಯಾಡದಿದ್ದರೆ ಹಿಂಬದಿಗೆ ಬೂಷ್ಟು ಹಿಡಿದು ಬಟ್ಟೆಗೂ ದಾಟುತ್ತದೆ. ಚರ್ಮದ ಶೂ, ಬೆಲ್ಟು ಬೇಗ ಹಾಳಾಗುತ್ತವೆ. ಮಳೆಗಾಲಕ್ಕೆ ರಬ್ಬರ್ ಚಪ್ಪಲಿ ಹಾಕಿ, ಶೂ ಶಾಖೆಯಲ್ಲೇ ಇಟ್ಟುಕೊಳ್ಳಿ. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ಕಾಜುಬಾಗ, ಹಬ್ಬುವಾಡ ಬಡಾವಣೆಗಳು ಪೇಟೆಗೆ ಹತ್ತಿರ. ರೈಲು ನಿಲ್ದಾಣ ಮಾತ್ರ ಊರ ಹೊರಗೆ, ಶಿರವಾಡದಲ್ಲಿದೆ.

ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕಬೇಡಿ. ದಾವಣಗೆರೆಯಲ್ಲೇ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ಸಂಪರ್ಕ ಒಪ್ಪಿಸಿದ್ದಕ್ಕೆ ಕೊಡುವ ಚೀಟಿ, ಅಂದರೆ ಟರ್ಮಿನೇಷನ್ ವೋಚರ್ ತನ್ನಿ. ಇಲ್ಲಿಯ ಏಜೆನ್ಸಿಯಲ್ಲಿ ಅದನ್ನೇ ಕೇಳುತ್ತಾರೆ.

ಮೀನು ತಿನ್ನುವವರಾದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ತಾಜಾ ಮೀನು ಕಡಿಮೆ, ದುಬಾರಿ.