ಐಬೊಗೇನ್ ಒಂದೇ ಡೋಸಿಗೆ ಹೆರಾಯಿನ್ ಚಟ ಬಿಡಿಸುತ್ತಾ?

ತಮ್ಮನಿಗೆ ಹೆರಾಯಿನ್ ಚಟ, ಐಬೊಗೇನ್ ಒಂದು ಸಲ ತಗೊಂಡರೆ ಬಿಟ್ಟುಹೋಗುತ್ತಂತೆ, ಅದು ಹೇಗೆ ಕೆಲಸ ಮಾಡುತ್ತೆ, ಆನ್‌ಲೈನ್‌ನಲ್ಲಿ ತರಿಸಬಹುದಾ ಅಂತ ಕೇಳಿದ್ದೀರಿ. ನಾನು ಫಾರ್ಮಕಾಲಜಿ ಪಾಠ ಮಾಡುವವನು, ಚಟ ಬಿಡಿಸುವ ಡಾಕ್ಟರ್ ಅಲ್ಲ. ಆದರೂ ಮೊದಲೇ ಹೇಳಿಬಿಡುತ್ತೇನೆ: ತರಿಸಬೇಡಿ.

ಇದು ಸಿಗುವುದು ಆಫ್ರಿಕಾದ ಗ್ಯಾಬನ್ ಕಡೆಯ ಐಬೊಗ ಎಂಬ ಪೊದೆಯ ಬೇರಿನ ತೊಗಟೆಯಲ್ಲಿ. ಅಲ್ಲಿ ಬ್ವಿಟಿ ಪಂಥದವರು ದೀಕ್ಷೆ ಕೊಡುವಾಗ ತಿನ್ನಿಸುತ್ತಾರೆ. ನಮ್ಮ ಹಿತ್ತಲಲ್ಲಿ ನಂದಿಬಟ್ಟಲು ಇರುತ್ತಲ್ಲ, ಎಲೆ ಮುರಿದರೆ ಹಾಲು ಸುರಿಯುತ್ತೆ, ಅದೂ ಇದೇ ಕುಟುಂಬದ್ದು, ಅದರಲ್ಲೂ ಇದರ ದಾಯಾದಿ ಆಲ್ಕಲಾಯ್ಡ್‌ಗಳಿವೆ, ಅಂದರೆ ಗಿಡಗಳಲ್ಲಿ ಸಿಗುವ ಔಷಧದಂಥ ರಾಸಾಯನಿಕಗಳು. ಹಾಗಂತ ಅದರ ಬೇರು ಕೀಳಲು ಹೋಗಬೇಡಿ ಮಾರಾಯ್ರೆ.

ಚಟದ ಕತೆ ಶುರುವಾಗಿದ್ದು 1962ರಲ್ಲಿ. ಹೊವರ್ಡ್ ಲಾಟ್ಸಾಫ್ ಅನ್ನುವ 19 ವರ್ಷದ ಅಮೆರಿಕದ ಹುಡುಗ, ಹೆರಾಯಿನ್ ಹತ್ತಿಸಿಕೊಂಡವನು, ಇದೂ ಒಂದು ನಶೆ ಇರಬೇಕು ಅಂತ ನುಂಗಿದ. ಗಂಟೆಗಟ್ಟಲೆ ಕಣ್ಮುಂದೆ ಏನೇನೋ ಕಂಡು ಮುಗಿದ ಮೇಲೆ ನೋಡಿದರೆ ಹೆರಾಯಿನ್ ಬೇಕು ಅಂತ ಅನ್ನಿಸಲೇ ಇಲ್ಲ. ಬಿಟ್ಟಾಗ ಬರುವ ಒದ್ದಾಟವೂ ಇಲ್ಲ.

ಹೇಗೆ ಅಂದರೆ, ಒಂದು ಔಷಧ ಒಂದು ರಿಸೆಪ್ಟರ್ (ಔಷಧ ಹೋಗಿ ಕೂರುವ ಜೀವಕೋಶದ ಜಾಗ) ಅಂತ ನಾವು ಕ್ಲಾಸಲ್ಲಿ ಹೇಳುತ್ತೇವಲ್ಲ, ಇದು ಆ ಲೆಕ್ಕಕ್ಕೇ ಬರುವುದಿಲ್ಲ. ಮಿದುಳಿನ ಎನ್‌ಎಂಡಿಎ ಎಂಬ ರಿಸೆಪ್ಟರ್ ತಡೆಯುತ್ತೆ, ನಿಕೋಟಿನ್ ಕೂರುವ ಕೆಲವು ರಿಸೆಪ್ಟರ್ ತಡೆಯುತ್ತೆ, ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕವನ್ನು ವಾಪಸ್ ಎಳೆದುಕೊಳ್ಳುವ ಪಂಪನ್ನೂ ಹಿಡಿದು ನಿಲ್ಲಿಸುತ್ತೆ. ಇಲಿಗಳಲ್ಲಂತೂ ಮಿದುಳಿನ ಡೋಪಮೈನ್ ಭಾಗದಲ್ಲಿ ಜಿಡಿಎನ್‌ಎಫ್ ಎಂಬ ಪ್ರೋಟೀನ್ ಹೆಚ್ಚಿಸಿ ಅವು ಮದ್ಯ ಕುಡಿಯುವುದನ್ನೇ ಕಡಿಮೆ ಮಾಡಿಸಿತು. ಇದರಲ್ಲಿ ಯಾವುದು ಚಟ ಬಿಡಿಸುತ್ತೆ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ನನ್ನ ಮಟ್ಟಿಗೆ ಅಸಲಿ ಆಸಾಮಿ ನಾರ್‌ಐಬೊಗೇನ್. ಲಿವರ್‌ನ ಸಿವೈಪಿ2ಡಿ6 ಎಂಜೈಮ್ ಐಬೊಗೇನ್‌ನಿಂದ ಒಂದು ಮೀಥೈಲ್ ಕಿತ್ತು ಇದನ್ನು ಮಾಡುತ್ತೆ. ಐಬೊಗೇನ್ ಗಂಟೆಗಳಲ್ಲಿ ಇಳಿದುಹೋದರೆ ಇದರ ಅರ್ಧಾಯುಷ್ಯವೇ (ಮೈಯಲ್ಲಿ ಅರ್ಧಕ್ಕಿಳಿಯಲು ಬೇಕಾದ ಹೊತ್ತು) 28ರಿಂದ 49 ಗಂಟೆ, ಅಂದರೆ ದಿನಗಟ್ಟಲೆ ಮೈಯಲ್ಲೇ ಸುತ್ತುತ್ತಿರುತ್ತೆ. ಒಂದೇ ಡೋಸಿನ ಮಹಿಮೆ ಅಂತಾರಲ್ಲ, ಅದರಲ್ಲಿ ಜಾಸ್ತಿ ಪಾಲು ಇದರದ್ದೇ ಇರಬೇಕು.

ಕುತ್ತೂ ಅಲ್ಲೇ. ಹೃದಯದ ಜೀವಕೋಶ ಪ್ರತಿ ಬಡಿತದ ನಂತರ ಪೊಟ್ಯಾಸಿಯಂ ಹೊರಗೆ ಬಿಟ್ಟು ಮುಂದಿನದಕ್ಕೆ ಅಣಿಯಾಗಬೇಕು, ಐಬೊಗೇನ್, ನಾರ್‌ಐಬೊಗೇನ್ ಎರಡೂ ಆ ಬಾಗಿಲನ್ನೇ ಮುಚ್ಚುತ್ತವೆ. ಇಸಿಜಿ ಕಾಗದದ ಒಂದು ಸಣ್ಣ ಚೌಕ ಅಂದರೆ 40 ಮಿಲಿಸೆಕೆಂಡ್. ಅದರಲ್ಲಿ ಒಂದು ಬಡಿತದ ಕ್ಯೂ ಎಂಬ ಅಲೆ ಶುರುವಾಗಿ ಟಿ ಎಂಬ ಅಲೆ ಮುಗಿಯುವಷ್ಟರಲ್ಲಿ ಹತ್ತು ಹನ್ನೊಂದು ಚೌಕ ಆಗಬೇಕು. ಹನ್ನೆರಡೂವರೆ ದಾಟಿತು ಅಂದರೆ ಹೃದಯ ತಾಳ ತಪ್ಪಿ ಅಲ್ಲೇ ಕುಸಿಯುವ ಭಯ. 1990ರಿಂದ 2008ರವರೆಗೆ ಇದನ್ನು ತಗೊಂಡ 76 ಗಂಟೆಯೊಳಗೆ ಸತ್ತ 19 ಜನರ ಲೆಕ್ಕ ವೈದ್ಯಕೀಯ ದಾಖಲೆಯಲ್ಲಿದೆ. ಕೆಲವರಲ್ಲಿ ಲಿವರ್‌ನ ಆ ಎಂಜೈಮ್ ಹುಟ್ಟಿನಿಂದಲೇ ಮಂದ, ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಥರದ ಮಾತ್ರೆ ನುಂಗುವವರಲ್ಲೂ ಮಂದವಾಗುತ್ತೆ. ಅಂಥವರಿಗೆ ಅದೇ ಡೋಸ್ ಜಾಸ್ತಿಯಾಗಿಬಿಡುತ್ತೆ.

2024ರಲ್ಲಿ ಸ್ಟ್ಯಾನ್‌ಫರ್ಡ್‌ನವರು ವರದಿ ಮಾಡಿದ 30 ಮಾಜಿ ಸೈನಿಕರಿಗೆ ಗಂಭೀರ ತೊಂದರೆ ಏನೂ ಆಗಲಿಲ್ಲ, ನಿಜ. ಅವರಿಗೆ ಮೆಕ್ಸಿಕೋದಲ್ಲಿ ಮೆಗ್ನೀಸಿಯಂ ಜೊತೆಗೆ ಕೊಟ್ಟಿದ್ದು. ಕೊಟ್ಟಿದ್ದು ತಲೆಪೆಟ್ಟಿನ ತೊಂದರೆಗೆ, ಹೆರಾಯಿನ್‌ಗಲ್ಲ.

ತಮ್ಮನನ್ನು ನಿಮ್ಹಾನ್ಸ್‌ಗೋ ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರವೋ ಕರ್ಕೊಂಡು ಹೋಗಿ, ಹೆರಾಯಿನ್ ಚಟಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಔಷಧದ ಬಗ್ಗೆ ಕೇಳಿ. ಅಂದಹಾಗೆ ಅವನು ಈಗಾಗಲೇ ಅದೇ ಚಟಕ್ಕೆ ಕೊಡುವ ಮೆಥಡೋನ್ ಏನಾದರೂ ತಗೊಳ್ತಿದ್ದಾನಾ? ಯಾಕೆಂದರೆ ಅದೂ ಇಸಿಜಿಯಲ್ಲಿ ಆ ಚೌಕಗಳನ್ನೇ ಉದ್ದ ಎಳೆಯುತ್ತೆ.